ಬಲ್ಗೇರಿಯಾಕ್ಕೆ ಹೊರಟ ಕಾಸರಗೋಡಿನವರಿಗೆ: ಮ್ಯೂಸಿಯಂ, ರಂಗಮಂದಿರ, ರೀತಿ ರಿವಾಜು

ಬಲ್ಗೇರಿಯಾ ಪ್ರವಾಸದ ದಿನಗಳನ್ನು ವಿಮಾನದ ದರ ನೋಡಿ ಗೊತ್ತುಮಾಡುವುದಕ್ಕಿಂತ ಅಲ್ಲಿನ ನಾಟಕ ಮತ್ತು ಹಬ್ಬಗಳ ಕಾಲ ನೋಡಿ ಗೊತ್ತುಮಾಡುವುದು ಲೇಸು. ಮೇ ತಿಂಗಳ ಪತ್ತನಾಜೆಗೆ ನಮ್ಮ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವಂತೆ ಅಲ್ಲಿಯೂ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಹುತೇಕ ರಂಗಮಂದಿರಗಳಿಗೆ ಬಿಡುವು. ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗಿನ ಅವಧಿ ನನ್ನ ಮಟ್ಟಿಗೆ ಅತ್ಯುತ್ತಮ: ಮೇ 24ರಂದು ಅಕ್ಷರ ಮತ್ತು ಸಂಸ್ಕೃತಿಯ ರಾಷ್ಟ್ರೀಯ ಹಬ್ಬದ ಮೆರವಣಿಗೆಗಳಿರುತ್ತವೆ, ಜೂನ್ ಆರಂಭದಲ್ಲಿ ಸ್ಟ್ರಾಂಜಾ ಬೆಟ್ಟಸೀಮೆಯ ಬಲ್ಗಾರಿ ಗ್ರಾಮದಲ್ಲಿ ಸಂತರ ಪಟ ಹಿಡಿದು ಬರಿಗಾಲಿನಲ್ಲಿ ಕೆಂಡ ತುಳಿಯುವ ಆಚರಣೆ ನಡೆಯುತ್ತದೆ. ಕೇರಳದ ಶಾಲೆಗಳು ಆಗಲೇ ತೆರೆಯುವುದರಿಂದ ಮಕ್ಕಳಿರುವವರು ಈ ಎರಡನೆಯದನ್ನು ಬಿಡಬೇಕಾದೀತು.

2025ರಿಂದ ದೇಶವು ಪೂರ್ಣವಾಗಿ ಷೆಂಗೆನ್ ವಲಯದಲ್ಲಿ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಕೂಟದಲ್ಲಿದ್ದು, ವೀಸಾ ಅದರದ್ದೇ ಬೇಕು. 2026ರಿಂದ ನಾಣ್ಯವೂ ಯೂರೋ.

ರಾಜಧಾನಿ ಸೋಫಿಯಾದಲ್ಲಿ ಪುರಾತತ್ವ ಮ್ಯೂಸಿಯಂ ಇರುವುದು 15ನೆಯ ಶತಮಾನದ ಮಸೀದಿಯೊಂದರಲ್ಲಿ. ಕಟ್ಟಡಕ್ಕಾಗಿಯಾದರೂ ಒಳಹೊಕ್ಕು ನೋಡಬೇಕು. ಒಂದು ಪೂರ್ತಿ ದಿನವನ್ನು ಮಾತ್ರ ನಗರದ ಅಂಚಿನ ಬೊಯಾನಾಕ್ಕೆ ಮೀಸಲಿಡಿ. ಕಮ್ಯುನಿಸ್ಟ್ ಆಡಳಿತಗಾರ ತೊದೊರ್ ಝಿವ್ಕೊವ್ ಅವರ ನಿವಾಸವಾಗಿದ್ದ ಕಟ್ಟಡದಲ್ಲಿ ಈಗ ರಾಷ್ಟ್ರೀಯ ಇತಿಹಾಸ ಮ್ಯೂಸಿಯಂ ಇದೆ. 1949ರಲ್ಲಿ ಮೂವರು ಸಹೋದರರು ಮಣ್ಣು ಅಗೆಯುವಾಗ ಸಿಕ್ಕಿದ ಪನಗ್ಯೂರಿಷ್ಟೆ ನಿಧಿ, ಅಂದರೆ ಆರು ಕಿಲೋಗೂ ಮಿಕ್ಕ ತೂಕದ ಒಂಬತ್ತು ಚಿನ್ನದ ಪಾತ್ರೆಗಳು, ಇದರ ಹೆಮ್ಮೆ. ಅವುಗಳಲ್ಲಿ ದೊಡ್ಡ ಹೂಜಿಯ ಹಿಡಿಗಳು ಅರ್ಧ ಮನುಷ್ಯ, ಅರ್ಧ ಕುದುರೆಯ ಆಕೃತಿಗಳು; ತಳದಲ್ಲಿ ಎರಡು ರಂಧ್ರಗಳಿದ್ದು, ಇಬ್ಬರು ಏಕಕಾಲಕ್ಕೆ ಕುಡಿಯಬಹುದಿತ್ತು. ನಿಧಿಯು ಆಗಾಗ ಬೇರೆಡೆಯ ಪ್ರದರ್ಶನಕ್ಕೆ ಹೋಗುವುದರಿಂದ ಮೊದಲೇ ವಿಚಾರಿಸಿಕೊಳ್ಳಿ. ಸಮೀಪದ ಬೊಯಾನಾ ಚರ್ಚಿನ 1259ರ ಭಿತ್ತಿಚಿತ್ರಗಳನ್ನು ಕಾಪಾಡುವ ಸಲುವಾಗಿ ಸಣ್ಣ ಗುಂಪುಗಳನ್ನು ಕೆಲವೇ ನಿಮಿಷಗಳಷ್ಟು ಕಾಲ ಒಳಬಿಡುತ್ತಾರೆ. ಸೋಮವಾರ ರಜೆಯಿರುವ ಮ್ಯೂಸಿಯಂಗಳು ಹಲವು.

ಸೋಫಿಯಾದಲ್ಲೇ 1907ರಲ್ಲಿ ತೆರೆದ ಇವಾನ್ ವಾಝೊವ್ ರಂಗಮಂದಿರ ನೋಡಲು ಬಲು ಚೆಂದ. ಆದರೆ ನಾಟಕಗಳು ಬಲ್ಗೇರಿಯನ್ ಭಾಷೆಯಲ್ಲಿರುವುದರಿಂದ ನಮ್ಮವರು ಒಪೆರಾ ಅಥವಾ ಬ್ಯಾಲೆ ಆರಿಸಿಕೊಳ್ಳುವುದೇ ಜಾಣತನ. ಕೋಟು, ದೊಡ್ಡ ಚೀಲಗಳನ್ನು ಸಭಾಂಗಣದ ಹೊರಗಿನ ಕೌಂಟರಿನಲ್ಲಿ ಕೊಟ್ಟು ಬಿಲ್ಲೆ ಪಡೆಯಬೇಕು. ಬೇಸಿಗೆಯಲ್ಲೇ ಹೋಗಬೇಕಾದವರಿಗೆ ಪ್ಲೊವ್ಡಿವ್ ನಗರದ ರೋಮನ್ ಕಾಲದ ಬಯಲು ರಂಗಮಂದಿರವಿದೆ; ಅಲ್ಲಿ ಇಂದಿಗೂ ಪ್ರದರ್ಶನಗಳು ನಡೆಯುತ್ತವೆ.

ತಲೆಯಾಡಿಸುವಾಗ ಎಚ್ಚರವಿರಲಿ. ಅಲ್ಲಿ ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ ಇಲ್ಲವೆಂದೂ ಅಡ್ಡಕ್ಕೆ ಆಡಿಸಿದರೆ ಹೌದೆಂದೂ ಅರ್ಥ. ನಾವು ಒಪ್ಪಿಗೆಗೆ ತಲೆ ಅತ್ತಿತ್ತ ತೂಗುವುದು ಅಲ್ಲಿ ಅನುಕೂಲವೇ ಆದೀತು. ಆದರೂ ವಿದೇಶಿಯರೊಡನೆ ಒಡನಾಡುವ ಕೆಲವರು ಕ್ರಮ ಬದಲಿಸಿಕೊಳ್ಳುವುದರಿಂದ, ಹೌದಾದರೆ ‘ದಾ’, ಅಲ್ಲವಾದರೆ ‘ನೆ’ ಎಂದು ಬಾಯಲ್ಲೇ ಹೇಳಿಬಿಡಿ. ಯಾರಾದರೂ ಮನೆಗೆ ಕರೆದರೆ ಬಾಗಿಲಲ್ಲಿ ಚಪ್ಪಲಿ ಕಳಚಿಡುವುದು ಅಲ್ಲಿಯೂ ರೂಢಿ. ಹೂವು ಒಯ್ಯುವುದಾದರೆ ಬೆಸ ಸಂಖ್ಯೆಯಲ್ಲೇ ಒಯ್ಯಬೇಕು. ಸಮ ಸಂಖ್ಯೆಯ ಹೂಗಳು ಸಾವಿನ ಮನೆಗೆ ಸಲ್ಲತಕ್ಕವು, ಆದ್ದರಿಂದ ಅಂಗಡಿಯಲ್ಲೇ ಎಣಿಸಿಕೊಳ್ಳಿ.