ನೆಂಟರು ಬರುವ ಮುನ್ನವೇ ಸಿದ್ಧವಿರಲಿ ಚೀಸ್ ಕಡ್ಡಿ

ಮನೆ ತುಂಬ ಜನ ಸೇರಿದ ದಿನ ಅಡುಗೆ ಮಾಡುವವರೊಬ್ಬರು ಮಾತ್ರ ಒಲೆಯ ಮುಂದೆಯೇ ಉಳಿದುಬಿಡುವುದು ನನಗೆ ಸುತರಾಂ ಹಿಡಿಸದ ಸಂಗತಿ. ಆಚೆ ಕೋಣೆಯಲ್ಲಿ ನಗು ಕೇಳಿಸುತ್ತಿರುತ್ತದೆ, ಇತ್ತ ಇವರು ಬಾಣಲೆ ಬಿಟ್ಟು ಕದಲುವಂತಿಲ್ಲ. ಓವನ್‌ನಲ್ಲಿ ಬೇಯಿಸುವ ಚೀಸ್ ಕಡ್ಡಿಗಳನ್ನು ನಾನು ನೆಚ್ಚಿಕೊಂಡಿರುವುದು ಈ ಕಾರಣಕ್ಕೇ. ಮುಕ್ಕಾಲು ಪಾಲು ಕೆಲಸ ಹಿಂದಿನ ದಿನವೇ ಮುಗಿದಿರುತ್ತದೆ. ಬಂದವರು ಕೂರುವ ಹೊತ್ತಿಗೆ ಟ್ರೇಯನ್ನು ಓವನ್‌ಗೆ ತಳ್ಳಿದರೆ, ಕುಶಲ ವಿಚಾರಿಸಿ ಮುಗಿಯುವಷ್ಟರಲ್ಲಿ ತಿಂಡಿ ತಟ್ಟೆಯಲ್ಲಿರುತ್ತದೆ.

ಯಾವ ಚೀಸ್?

ರುಚಿಯ ಅರ್ಧ ಭಾಗ ಇಲ್ಲೇ ತೀರ್ಮಾನವಾಗುತ್ತದೆ. ಚೀಸ್ ಹಳತಾದಂತೆ ನೀರಿನಂಶ ಇಳಿದು ರುಚಿ ಗಾಢವಾಗುತ್ತದೆ. ಹಾಗಾಗಿ ಕೆಲವು ತಿಂಗಳು ಹಣ್ಣಾದ ಗಟ್ಟಿ ಚೆಡ್ಡಾರ್ ಈ ತಿಂಡಿಗೆ ಹೇಳಿ ಮಾಡಿಸಿದ್ದು. ಮೊಝರೆಲ್ಲಾ ಬೇಡ. ಅದರಲ್ಲಿ ನೀರು ಹೆಚ್ಚು, ರುಚಿ ಸಪ್ಪೆ, ಕಡ್ಡಿ ಗರಿಗರಿಯಾಗುವುದಿಲ್ಲ. ಪ್ರೊಸೆಸ್ಡ್ ಚೀಸ್‌ನಲ್ಲೂ ಮಾಡಬಹುದು. ಆದರೆ ಅದರಲ್ಲಿ ಉಪ್ಪು ಜಾಸ್ತಿ ಇರುವುದರಿಂದ ಹಿಟ್ಟಿಗೆ ಬೇರೆ ಉಪ್ಪು ಹಾಕಬೇಡಿ. ತುರಿದೇ ಮಾರುವ ಚೀಸ್‌ಗೆ ಅಂಟಿಕೊಳ್ಳದಿರಲೆಂದು ಪಿಷ್ಟದ ಪುಡಿ ಸವರಿರುತ್ತಾರೆ. ಗಟ್ಟಿ ತುಂಡು ತಂದು ಮನೆಯಲ್ಲೇ ಸಣ್ಣಗೆ ತುರಿದುಕೊಂಡರೆ ಹಿಟ್ಟಿಗೆ ಚೆನ್ನಾಗಿ ಬೆರೆಯುತ್ತದೆ.

ಇನ್ನೊಂದು ಮಾತು. ಎಷ್ಟೋ ಚೀಸ್‌ಗಳಲ್ಲಿ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿರುತ್ತಾರೆ. ಸಾಂಪ್ರದಾಯಿಕ ಪಾರ್ಮೆಸಾನ್ ಅಂಥದ್ದು. ಬರುವವರಲ್ಲಿ ಸಸ್ಯಾಹಾರಿಗಳಿದ್ದರೆ ಪೊಟ್ಟಣದ ಮೇಲೆ ಏನು ಬರೆದಿದೆ ಎಂದು ಓದಿಯೇ ಕೊಳ್ಳಿ.

ಅಳತೆ

ಮೈದಾ 200 ಗ್ರಾಂ, ಬೆಣ್ಣೆ 100 ಗ್ರಾಂ, ತುರಿದ ಚೆಡ್ಡಾರ್ 150 ಗ್ರಾಂ. ಕಾಳುಮೆಣಸಿನ ಪುಡಿ ಅರ್ಧ ಚಮಚ, ಕಾರದ ಪುಡಿ ಕಾಲು ಚಮಚ, ಸಾಸಿವೆ ಪುಡಿ ಅರ್ಧ ಚಮಚ, ಉಪ್ಪು ಕಾಲು ಚಮಚ. ಕಲಸಲು ಎರಡು ಮೂರು ದೊಡ್ಡ ಚಮಚ ತಣ್ಣನೆಯ ಹಾಲು. ಬೆಣ್ಣೆಯಲ್ಲೇ ಉಪ್ಪಿದ್ದರೆ ಉಪ್ಪು ಬಿಡಿ. ಸಾಸಿವೆ ಪುಡಿಯನ್ನು ಮಾತ್ರ ಬಿಡಬೇಡಿ, ಚೀಸ್‌ನ ರುಚಿಯನ್ನು ಎತ್ತಿ ಕೊಡುವುದೇ ಅದು. ಇಷ್ಟರಲ್ಲಿ 50ರಿಂದ 60 ಕಡ್ಡಿಗಳಾಗುತ್ತವೆ. ತಲೆಗೆ ನಾಲ್ಕರಂತೆ ಹನ್ನೆರಡು ಜನರಿಗೆ ಧಾರಾಳ.

ಹಿಟ್ಟು ಕಲಸುವುದು

ಬೆಣ್ಣೆ ಫ್ರಿಜ್‌ನಿಂದ ಆಗಷ್ಟೇ ತೆಗೆದಷ್ಟು ಗಟ್ಟಿಯಾಗಿರಬೇಕು. ಮೊದಲ ಸಲ ನಾನು ಮೆತ್ತಗಾಗಿದ್ದ ಬೆಣ್ಣೆ ಹಾಕಿ ಕಲಸಿದ್ದೆ. ಓವನ್ ಸೇರಿದ ಐದೇ ನಿಮಿಷಕ್ಕೆ ಕಡ್ಡಿಗಳೆಲ್ಲ ಹರಡಿ ಒಂದಕ್ಕೊಂದು ಅಂಟಿಕೊಂಡವು, ಟ್ರೇ ತುಂಬ ಜಿಡ್ಡು ಒಸರಿತು. ಗಟ್ಟಿ ಬೆಣ್ಣೆಯಾದರೆ ಅದು ಕರಗುವಷ್ಟರಲ್ಲಿ ಸುತ್ತಲಿನ ಹಿಟ್ಟು ಬೆಂದು ನಿಲ್ಲಲು ತೊಡಗಿರುತ್ತದೆ. ಬೆಣ್ಣೆಯೊಳಗಿನ ನೀರು ಆವಿಯಾಗಿ ಪದರಗಳನ್ನು ಬಿಡಿಸುತ್ತದೆ.

ಮೈದಾಗೆ ಪುಡಿಗಳನ್ನು ಬೆರೆಸಿ, ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ಹಾಕಿ. ಅಂಗೈ ತಾಗಿಸಬೇಡಿ, ಅದರ ಬಿಸಿ ಬೆಣ್ಣೆಯನ್ನು ಕರಗಿಸುತ್ತದೆ. ಬೆರಳ ತುದಿಗಳಿಂದಲೇ ಹಿಟ್ಟನ್ನು ಮೇಲಕ್ಕೆತ್ತಿ, ಹೆಬ್ಬೆರಳಿನಿಂದ ಉಜ್ಜುತ್ತಾ ಬಟ್ಟಲಿಗೆ ಉದುರಿಸಿ. ಎರಡು ಮೂರು ನಿಮಿಷಕ್ಕೆ ಹಿಟ್ಟಿನ ಬಿಳುಪು ಹೋಗಿ ತಿಳಿಹಳದಿಗೆ ತಿರುಗುತ್ತದೆ, ತರಿತರಿಯಾಗುತ್ತದೆ. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಪುಡಿಯಾಗಬೇಕು. ಈಗ ಚೀಸ್ ತುರಿ ಬೆರೆಸಿ, ಚಮಚ ಚಮಚವಾಗಿ ಹಾಲು ಹಾಕಿ ಹಿಟ್ಟನ್ನು ಕೂಡಿಸಿ. ನಾದುವ ಅಭ್ಯಾಸದ ಕೈ ಇಲ್ಲಿ ತಡೆದುಕೊಳ್ಳಬೇಕು. ನಾದಿದಷ್ಟೂ ಮೈದಾದ ಅಂಟು ಬಿಗಿದು ಕಡ್ಡಿ ಬಿರುಸಾಗುತ್ತದೆ. ಉಂಡೆಯಾದರೆ ಸಾಕು, ಒತ್ತಿ ಚಪ್ಪಟೆ ಮಾಡಿ, ಮುಚ್ಚಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಲಟ್ಟಿಸಿ, ಕತ್ತರಿಸಿ

ಎರಡು ಬಟರ್ ಪೇಪರ್‌ಗಳ ನಡುವೆ ಇಟ್ಟು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ. ಹೀಗೆ ಮಾಡಿದರೆ ಒಣಹಿಟ್ಟು ಉದುರಿಸುವ ಅಗತ್ಯವೇ ಬೀಳದು. ಬೆರಳುದ್ದ, ಒಂದೂವರೆ ಸೆಂಟಿಮೀಟರ್ ಅಗಲದ ಪಟ್ಟಿಗಳನ್ನು ಕತ್ತರಿಸಿ. ತಿರುಚಿದರೆ ನೋಡಲು ಚೆಂದ, ತಿರುಚದಿದ್ದರೂ ರುಚಿಗೆ ಕೊರತೆಯಿಲ್ಲ. ಮಕ್ಕಳನ್ನು ಈ ಕೆಲಸಕ್ಕೆ ಕೂರಿಸಿ, ಅಂಕುಡೊಂಕಾದ ಕಡ್ಡಿಗಳೇ ಮೊದಲು ಖಾಲಿಯಾಗುವುದನ್ನು ನಾನು ಕಂಡಿದ್ದೇನೆ.

ಹಿಂದಿನ ದಿನದ ಕೆಲಸ ಇಲ್ಲಿಗೆ ನಿಲ್ಲಿಸಬಹುದು. ಕಡ್ಡಿಗಳನ್ನು ಟ್ರೇಯಲ್ಲಿ ಬಿಡಿಬಿಡಿಯಾಗಿ ಹರಡಿ ಒಂದು ಗಂಟೆ ಫ್ರೀಜರ್‌ನಲ್ಲಿಟ್ಟು, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ ಮತ್ತೆ ಫ್ರೀಜರ್‌ಗೆ ಸೇರಿಸಿ. ಒಂದು ತಿಂಗಳಾದರೂ ಕೆಡುವುದಿಲ್ಲ. ಬೇಯಿಸುವಾಗ ಕರಗಿಸುವುದು ಬೇಡ, ಹಾಗೆಯೇ ಓವನ್‌ಗೆ ಇಟ್ಟು ಎರಡು ಮೂರು ನಿಮಿಷ ಹೆಚ್ಚು ಕೊಟ್ಟರಾಯಿತು.

ಬೇಯಿಸುವುದು

ಓವನ್ 180 ಡಿಗ್ರಿ ಸೆಲ್ಸಿಯಸ್‌ಗೆ ಬರಲು 15 ನಿಮಿಷ ಬಿಡಿ. ಫ್ಯಾನ್ ಇರುವ ಓವನ್ ಆದರೆ 160 ಸಾಕು. ಮೈಕ್ರೋವೇವ್ ಓವನ್ ಇರುವವರು ಕನ್ವೆಕ್ಷನ್‌ನಲ್ಲಿಟ್ಟೇ ಬೇಯಿಸಬೇಕು, ಬರೀ ಮೈಕ್ರೋವೇವ್‌ನಲ್ಲಿ ಕಡ್ಡಿ ಕೆಂಪಗಾಗುವುದಿಲ್ಲ. ಬಟರ್ ಪೇಪರ್ ಹಾಸಿದ ಟ್ರೇಯಲ್ಲಿ ಎರಡು ಬೆರಳಷ್ಟು ಅಂತರ ಬಿಟ್ಟು ಜೋಡಿಸಿ, 15ರಿಂದ 18 ನಿಮಿಷ ಬೇಯಿಸಿ. ಹತ್ತು ನಿಮಿಷವಾದಾಗ ಟ್ರೇಯನ್ನು ಹಿಂದುಮುಂದಾಗಿ ತಿರುಗಿಸಿ.

ಬೆಂದಿದೆಯೇ ಎಂದು ನೋಡಲು ಒಂದು ಕಡ್ಡಿಯನ್ನು ಮಗುಚಿ. ಅಂಚು ಕೆಂಪಗಿದ್ದು ತಳ ಇನ್ನೂ ಬಿಳುಚಿಕೊಂಡಿದ್ದರೆ ಎರಡು ನಿಮಿಷ ಬೇಕು. ತಳವೂ ಹೊಂಬಣ್ಣಕ್ಕೆ ಬಂದಿದ್ದರೆ ತಡಮಾಡದೆ ತೆಗೆಯಿರಿ. ಚೀಸ್ ಹೊಂಬಣ್ಣದಿಂದ ಕಂದಿಗೆ ಹೋಗಲು ನಿಮಿಷವೂ ಬೇಕಿಲ್ಲ, ಕಂದಿದರೆ ಕಹಿ. ಬಿಸಿ ಇರುವಾಗ ಕಡ್ಡಿ ಮೆತ್ತಗೇ ಇರುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗಿಡಬೇಡಿ, ಜಾಲರಿಯ ಮೇಲೆ ಹತ್ತು ನಿಮಿಷ ಆರಿದರೆ ತಾನಾಗಿ ಗರಿಗರಿಯಾಗುತ್ತದೆ.

ಉಳಿದರೆ ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ. ನಾಲ್ಕೈದು ದಿನ ಚೆನ್ನಾಗಿರುತ್ತದೆ. ಮೆತ್ತಗಾದರೆ 160 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿ. ಜನ ಜಾಸ್ತಿಯಿದ್ದರೆ ಎಲ್ಲವನ್ನೂ ಒಮ್ಮೆಗೇ ಬೇಯಿಸಿಡಬೇಡಿ. ಮೊದಲ ತಟ್ಟೆ ಹೊರಗೆ ಹೋದಾಗ ಎರಡನೇ ಟ್ರೇ ಒಳಗೆ ಹೋಗಲಿ, ನೀವು ಹೋಗಿ ಎಲ್ಲರ ಜೊತೆ ಕುಳಿತುಕೊಳ್ಳಿ, ಓವನ್‌ನ ಗಂಟೆ ಹೊಡೆದಾಗ ಎದ್ದರೆ ಸಾಕು.