ಪೇಂಟ್ ಇಲ್ಲದ ಕಪ್ಪು ಪ್ಲಾಸ್ಟಿಕ್ ಮೇಲಿನ ಗೀರು ತೆಗೆಯೋದು ಹೆಂಗ?

ದಾವಣಗೆರೆ ಮಂಡಿಪೇಟೆ ಒಳಗೆ ಕಾರ್ ತಗೊಂಡು ಹೋಗಿ ಏನೂ ತಾಗಿಸ್ಕೊಳ್ದೆ ಹೊರಗೆ ಬಂದ್ರೆ ಅದೇ ಪುಣ್ಯ ಕಣ್ರಿ. ಮೊದಲು ಏಟು ಬೀಳೋದು ಬಂಪರ್ ಕೆಳಗೆ, ಚಕ್ರದ ಸುತ್ತ ಇರೋ ಪೇಂಟ್ ಇಲ್ಲದ ಕಪ್ಪು ಪ್ಲಾಸ್ಟಿಕ್ಕಿಗೆ. ಪೀಸೇ ಚೇಂಜ್ ಮಾಡ್ಬೇಕು ಅಂತ ಯಾರಾದ್ರೂ ಅಂದ್ರೆ ಹೂಂ ಅನ್ನಬ್ಯಾಡ್ರಿ, ಮೊದ್ಲು ಅದ್ರ ಮೇಲೆ ಉಗುರು ಎಳೆದು ನೋಡ್ರಿ.

ಉಗುರು ಎಲ್ಲೂ ಸಿಕ್ಕಿಹಾಕ್ಕೊಳ್ಳಲಿಲ್ಲ ಅಂದ್ರೆ ಹೆಚ್ಚಾಗಿ ಅದು ಗೀರೇ ಅಲ್ಲ, ಎದುರಿನ ಗಾಡಿ ಪೇಂಟೋ ಗೋಡೆ ಸುಣ್ಣನೋ ಮೆತ್ಕೊಂಡಿರ್ತತಿ ಅಷ್ಟೇ. ಶಾಂಪೂ ಹಾಕಿ ತೊಳೆದು ಒಣಗಿಸಿ, ಮೆಡಿಕಲ್ ಶಾಪಲ್ಲಿ ಸಿಗೋ ಸ್ಪಿರಿಟ್ ಬಟ್ಟೆಗೆ ಹಾಕ್ಕೊಂಡು ಉಜ್ಜಿ, ದಾಣಿ ದಾಣಿ, ಅಂದ್ರೆ ತರಿತರಿ ಮೈ ಐತಲ್ಲ ಅದರ ಸಂದಿಗೆ ಹಳೇ ಟೂತ್ ಬ್ರಷ್ ಬಿಡ್ರಿ. ಥಿನ್ನರ್ ಬ್ಯಾಡ, ಪಕ್ಕದ ಬಾಡಿ ಪೇಂಟಿಗೆ ಒಂದು ಹನಿ ಬಿದ್ರೂ ಕಥೆ ಮುಗೀತು. ಪೇಂಟ್ ಉಜ್ಜಿ ಪಾಲಿಶ್ ಮಾಡೋ ಪೇಸ್ಟ್, ಅದೇ ರಬ್ಬಿಂಗ್ ಕಾಂಪೌಂಡೂ ಬ್ಯಾಡ, ಸಂದಿಯೊಳಗೆ ಬೆಳ್ಳಗೆ ಕೂತ್ಕೊಂಡ್ರೆ ಅದನ್ನ ತೆಗೆಯೋದೇ ಇನ್ನೊಂದು ಕೆಲಸ.

ಉಗುರು ಸಿಕ್ತು, ಬಣ್ಣನೂ ಬೆಳ್ಳಗಾಗೇತಿ ಅಂದ್ರೆ ಬಿಸಿ ಗಾಳಿ ಊದೋ ಹೀಟ್ ಗನ್ ಬೇಕು. ಈ ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಪ್ರೊಪಿಲೀನ್, ಸುಮಾರು 160 ಡಿಗ್ರಿಗೆ ಕರಗ್ತತಿ, ಗನ್ನಿಂದ ಬರೋ ಗಾಳಿ 500 ಡಿಗ್ರಿ ತನಕ ಹೋಗ್ತತಿ, ಹಂಗಾಗಿ ಕಮ್ಮಿ ಸೆಟ್ಟಿಂಗಲ್ಲಿ ಒಂದು ಗೇಣು ದೂರ ಹಿಡ್ಕೊಂಡು ಕೈ ನಿಲ್ಲಿಸ್ದೆ ಆಡಿಸ್ತಾ ಇರ್ರಿ, ಮೊದ್ಲು ಕಣ್ಣಿಗೆ ಕಾಣದ ಮೂಲೆಯಲ್ಲಿ ಟ್ರೈ ಮಾಡಿ. ಪಕ್ಕದ ಪೇಂಟ್ ಮೇಲೆ ಒದ್ದೆ ಬಟ್ಟೆ ಇರಲಿ. ಸ್ವಲ್ಪ ಹೊತ್ತಿಗೆ ಬಿಳಿ ಗೆರೆ ತಾನಾಗೇ ಕಪ್ಪಾಗ್ತಾ ಬರ್ತತಿ, ನೋಡೋಕೇ ಖುಷಿ. ಆದ್ರೆ ಆ ಜಾಗ ಪಳಪಳ ಹೊಳಿಯೋಕೆ ಶುರುವಾಯ್ತಾ, ದಾಣಿ ಕರಗ್ತಾ ಐತಿ ಅಂತ ಅರ್ಥ, ತಕ್ಷಣ ನಿಲ್ಲಿಸ್ರಿ.

ಎದ್ದಿರೋ ಚೂರನ್ನ ಬಿಸಿ ಮಾಡೋಕ್ ಮುಂಚೆನೇ ಹೊಸ ಬ್ಲೇಡಲ್ಲಿ ಸವರಿಬಿಡಿ. ತಗ್ಗು ಪೂರ್ತಿ ತುಂಬಲ್ಲ, ನಾಲ್ಕು ಹೆಜ್ಜೆ ದೂರ ನಿಂತ್ರೆ ಕಾಣದಿದ್ರೆ ಸಾಕು ಅನ್ಕೊಳ್ಳಿ. ಮರಳು ಕಾಗದ ಮಾತ್ರ ಮುಟ್ಟಬ್ಯಾಡ್ರಿ, ದಾಣಿ ಹೋಗಿ ನುಣ್ಣಗಾದ ಜಾಗ ಬಿಸಿಲಿಗೆ ಗೀರಿಗಿಂತ ಎದ್ದು ಕಾಣ್ತತಿ, ಆಮೇಲೆ ದಾಣಿ ಬರಿಸೋ ಟೆಕ್ಸ್ಚರ್ ಪೇಂಟೇ ಗತಿ, ಅದಕ್ಕೂ ಪ್ಲಾಸ್ಟಿಕ್ ಪ್ರೈಮರ್ ಹಾಕದಿದ್ರೆ ಸಿಪ್ಪೆ ಎದ್ದಂಗೆ ಏಳ್ತತಿ.

ಕೊನೆಗೆ ಮಾಸಿದ ಪ್ಲಾಸ್ಟಿಕ್ಕಿಗೆ ಕಪ್ಪು ಕಳೆ ತರೋ ಟ್ರಿಮ್ ರಿಸ್ಟೋರರ್ ತೆಳ್ಳಗೆ ಹಚ್ಚಿ ಒರೆಸಿ. ಕೆಲವರು ಕೊಬ್ಬರಿ ಎಣ್ಣೆ ಹಚ್ತಾರೆ, ಅವತ್ತೇನೋ ಮಿಂಚ್ತತಿ, ಚಿತ್ರದುರ್ಗದ ಗಾಳೀಲಿ ಒಂದು ರೌಂಡ್ ಹೋಗಿ ಬಂದ್ರೆ ಧೂಳೆಲ್ಲ ಅಲ್ಲೇ ಅಂಟ್ಕೊಂಡಿರ್ತತಿ. ಪ್ಲಾಸ್ಟಿಕ್ ಸೀಳಿದ್ರೆ ಇಲ್ಲ ಹಿಂದಿನ ಕ್ಲಿಪ್ ಹಿಡಿಯೋ ಜಾಗನೇ ಮುರಿದಿದ್ರೆ ಇದ್ಯಾವ್ದೂ ನಡಿಯಲ್ಲ, ಆಗ ಪೀಸ್ ಚೇಂಜ್ ಮಾಡ್ಸಿ.