ಲಂಡನ್ನಿನಲ್ಲಿ ವಿದ್ಯಾರ್ಥಿಯ ಒಂದು ರಜಾದಿನ: ಎರಡು ಜಾಗ, ನಡುವೆ ಥೇಮ್ಸ್ ದಂಡೆಯ ನಡಿಗೆ

ಬ್ರಿಟನ್ನಿಗೆ ಸ್ನಾತಕೋತ್ತರ ಪದವಿಗೆಂದು ಬರುವ ನಮ್ಮ ವಿದ್ಯಾರ್ಥಿಗಳಿಗೆ ಪೂರ್ತಿ ಬಿಡುವಿನ ದಿನವೊಂದು ಸಿಗುವುದೇ ಅಪರೂಪ. ಓದು ಬಹುತೇಕ ಒಂದೇ ವರ್ಷದಲ್ಲಿ ಮುಗಿಯಬೇಕು, ತರಗತಿಗಳ ಅವಧಿಯಲ್ಲಿ ವೀಸಾ ಅನುಮತಿಸುವ ವಾರದ 20 ಗಂಟೆಗಳ ಕೆಲಸವನ್ನೂ ಮಾಡಬೇಕು, ಅಡುಗೆ ಬಟ್ಟೆಗಳನ್ನೂ ನೋಡಿಕೊಳ್ಳಬೇಕು. ಹಾಗಾಗಿ ಲಂಡನ್ನಿಗೆಂದು ಒಂದು ದಿನ ಸಿಕ್ಕರೆ ಅದರೊಳಗೆ ಹತ್ತು ಜಾಗಗಳನ್ನು ತುರುಕುವ ಆಸೆಯಾಗುವುದು ಸಹಜ. ಆದರೆ ಹಾಗೆ ಹೋದವರು ದಿನದ ಹೆಚ್ಚಿನ ಹೊತ್ತನ್ನು ನೆಲದಡಿಯ ರೈಲಿನಲ್ಲೇ ಕಳೆದಿರುತ್ತಾರೆ. ಎರಡೇ ಜಾಗಗಳನ್ನು ಆರಿಸಿಕೊಂಡು, ನಡುವಿನ ದಾರಿಯನ್ನು ಆದಷ್ಟು ನಡೆದೇ ಸಾಗಿದರೆ ನಗರ ಹೆಚ್ಚು ಅರ್ಥವಾಗುತ್ತದೆ, ಖರ್ಚೂ ಕಡಿಮೆಯಾಗುತ್ತದೆ.

ಮೊದಲು ವಾರದ ಯಾವ ದಿನ ಎಂಬುದನ್ನು ಆರಿಸಿಕೊಳ್ಳಿ. ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಬುಧವಾರ ಮಧ್ಯಾಹ್ನ ಆಟೋಟಗಳಿಗೆಂದು ತರಗತಿಗಳಿರುವುದಿಲ್ಲ. ಲಂಡನ್ನಿನಲ್ಲೇ ಓದುವವರಿಗೆ ಅದು ಒಳ್ಳೆಯ ಹೊತ್ತು, ಏಕೆಂದರೆ ವಾರಾಂತ್ಯದ ಜನಸಂದಣಿ ಆಗ ಇರುವುದಿಲ್ಲ. ಬೇರೆ ಊರಿನಿಂದ ಬರುವವರಿಗೆ ಶುಕ್ರವಾರ ಉತ್ತಮ, ಅಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ರಾತ್ರಿ 10ರವರೆಗೂ ತೆರೆದಿರುತ್ತದೆ. ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್ ತಿಂಗಳಲ್ಲಿ ರಾತ್ರಿ 9 ದಾಟಿದರೂ ಬೆಳಕಿರುತ್ತದೆ, ಡಿಸೆಂಬರಿನಲ್ಲಿ ಸಂಜೆ 4ಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಚಳಿಗಾಲದಲ್ಲಿ ನದಿ ದಂಡೆಯ ನಡಿಗೆಯನ್ನು ಬೆಳಿಗ್ಗೆಗೂ ಮ್ಯೂಸಿಯಮ್ಮನ್ನು ಮಧ್ಯಾಹ್ನಕ್ಕೂ ಇಟ್ಟುಕೊಳ್ಳಿ, ಬೇಸಿಗೆಯಲ್ಲಿ ಅದನ್ನು ತಿರುವುಮುರುವು ಮಾಡಿ.

ಪ್ರಯಾಣದ ಖರ್ಚಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ತಿಳಿದವರಿಗೂ ತಿಳಿಯದವರಿಗೂ ವ್ಯತ್ಯಾಸ ದೊಡ್ಡದು. ಲಂಡನ್ನಿನ ಬಸ್ಸುಗಳಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ಮುಂಚಿತವಾಗಿ ಹಣ ತುಂಬಿಸಿಟ್ಟುಕೊಳ್ಳುವ ಆಯ್‌ಸ್ಟರ್ ಎಂಬ ಪ್ರಯಾಣ ಕಾರ್ಡ್, ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ಅಥವಾ ಫೋನನ್ನು ತಾಗಿಸಿ ಹತ್ತಬೇಕು. 2025ರಲ್ಲಿ ಬಸ್ಸಿನ ದರ 1.75 ಪೌಂಡ್ ಇತ್ತು. ಮೊದಲ ಬಾರಿ ತಾಗಿಸಿದ ಹೊತ್ತಿನಿಂದ ಒಂದು ಗಂಟೆಯೊಳಗೆ ಎಷ್ಟು ಬಸ್ಸುಗಳನ್ನು ಬದಲಿಸಿದರೂ ಮತ್ತೆ ಹಣ ಕಡಿತವಾಗುವುದಿಲ್ಲ, ಮತ್ತು ಇಡೀ ದಿನದ ಕಡಿತಕ್ಕೂ ಒಂದು ಮಿತಿಯಿದೆ. ಬಸ್ಸಿನಿಂದ ಇಳಿಯುವಾಗ ಕಾರ್ಡ್ ತಾಗಿಸಬೇಕಾಗಿಲ್ಲ, ಆದರೆ ಟ್ಯೂಬ್ ಎಂದು ಕರೆಯುವ ನೆಲದಡಿಯ ರೈಲಿನಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ತಾಗಿಸಲೇಬೇಕು. ಎರಡೂ ಕಡೆ ಒಂದೇ ಕಾರ್ಡ್ ಇರಬೇಕು. ಒಳಗೆ ಕಾರ್ಡನ್ನೂ ಹೊರಗೆ ಅದೇ ಖಾತೆಯ ಫೋನನ್ನೂ ಬಳಸಿದರೆ ವ್ಯವಸ್ಥೆ ಅವನ್ನು ಎರಡು ಅಪೂರ್ಣ ಪ್ರಯಾಣಗಳೆಂದು ಎಣಿಸಿ ಗರಿಷ್ಠ ದರವನ್ನೇ ವಿಧಿಸುತ್ತದೆ. ಭಾರತದ ಬ್ಯಾಂಕ್ ಕಾರ್ಡುಗಳಿಗೆ ವಿದೇಶಿ ವಹಿವಾಟಿನ ಶುಲ್ಕ ಸೇರಬಹುದಾದ್ದರಿಂದ ಇಲ್ಲಿನ ಖಾತೆಯ ಕಾರ್ಡನ್ನೇ ಬಳಸುವುದು ಲೇಸು.

ಹೊಸಬರಲ್ಲಿ ಅನೇಕರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ರೈಲು ಟಿಕೆಟ್ಟಿನಲ್ಲಿ ರಿಯಾಯಿತಿ ಕೊಡುವ 16–25 ರೈಲ್‌ಕಾರ್ಡ್ ಇದ್ದವರು ಅದನ್ನು ಟ್ಯೂಬ್ ನಿಲ್ದಾಣದ ಸಿಬ್ಬಂದಿಯ ನೆರವಿನಿಂದ ಆಯ್‌ಸ್ಟರ್ ಕಾರ್ಡಿಗೆ ಜೋಡಿಸಿಕೊಂಡರೆ, ದಟ್ಟಣೆಯಿಲ್ಲದ ಹೊತ್ತಿನ ಟ್ಯೂಬ್ ದರದಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ಬ್ಯಾಂಕ್ ಕಾರ್ಡಿಗೆ ಈ ಸೌಲಭ್ಯವಿಲ್ಲ. ಇಪ್ಪತ್ತೈದು ದಾಟಿದ್ದರೂ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ ಈ ರೈಲ್‌ಕಾರ್ಡ್ ಪಡೆಯಬಹುದು. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6:30ರಿಂದ 9:30, ಸಂಜೆ 4ರಿಂದ 7 ದಟ್ಟಣೆಯ ಹೊತ್ತು. ಬೆಳಿಗ್ಗೆ ಅರ್ಧ ಗಂಟೆ ತಡವಾಗಿ ಹೊರಟರೂ ಹಣ ಉಳಿಯುತ್ತದೆ. ಟ್ಯೂಬ್ ನಕ್ಷೆಯನ್ನು ನೋಡಿ ದೂರವನ್ನು ಅಂದಾಜು ಮಾಡಬೇಡಿ. ಹ್ಯಾರಿ ಬೆಕ್ ರೂಪಿಸಿ 1933ರಲ್ಲಿ ಮೊದಲು ಜನರ ಕೈಸೇರಿದ ಆ ಮಾದರಿ ಮಾರ್ಗಗಳ ಜೋಡಣೆಯನ್ನು ತೋರಿಸುತ್ತದೆಯೇ ಹೊರತು ನೆಲದ ಅಳತೆಯನ್ನಲ್ಲ. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ ರೈಲು ಹಿಡಿಯುವವರಿದ್ದಾರೆ, ನಡೆದರೆ ಅದು ಐದೇ ನಿಮಿಷದ ದಾರಿ.

ಮೊದಲ ಜಾಗವಾಗಿ ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅನ್ನು ಸೂಚಿಸುತ್ತೇನೆ. ಪ್ರವೇಶ ಉಚಿತ; ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್ ಬೇಕು. ಕನ್ನಡ ನಾಡಿನವರು ಇಲ್ಲಿ ನೋಡಲೇಬೇಕಾದದ್ದು 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಈಸ್ಟ್ ಇಂಡಿಯಾ ಕಂಪನಿಯವರು ಟಿಪ್ಪುವಿನ ಅರಮನೆಯಿಂದ ಹೊತ್ತೊಯ್ದ ಮರದ ಹುಲಿ. ಕೆಳಗೆ ಅಂಗಾತ ಬಿದ್ದ ಐರೋಪ್ಯನ ಮೇಲೆರಗಿ ಅವನ ಕುತ್ತಿಗೆಗೆ ಬಾಯಿ ಹಾಕಿರುವ, ಹೆಚ್ಚುಕಡಿಮೆ ನಿಜವಾದ ಹುಲಿಯಷ್ಟೇ ಗಾತ್ರದ ಈ ಬಣ್ಣದ ಕೆತ್ತನೆ ಒಂದು ಯಂತ್ರವೂ ಹೌದು. ಹೊರಗಿನ ಹಿಡಿಕೆಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದಿ ಹುಲಿಯ ಗರ್ಜನೆಯನ್ನೂ ಮನುಷ್ಯನ ನರಳಿಕೆಯನ್ನೂ ಹೊರಡಿಸುತ್ತವೆ, ಬಿದ್ದವನ ಕೈ ಮೇಲೆ ಕೆಳಗೆ ಆಡುತ್ತದೆ. ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ ಒಳಗೊಂದು ಪುಟ್ಟ ಆರ್ಗನ್ ವಾದ್ಯದ ಮಣೆ ಕಾಣುತ್ತದೆ. ಗಾಜಿನ ಪೆಟ್ಟಿಗೆಯ ಸುತ್ತ ಎರಡು ಸುತ್ತು ಬಂದು, ಪಟ್ಟೆಗಳನ್ನೂ ಬಿದ್ದವನ ಮುಖವನ್ನೂ ಸಾವಧಾನವಾಗಿ ನೋಡಿ. ನಮ್ಮ ನೆಲದ ಕುಶಲಕರ್ಮಿಗಳ ಕೆಲಸ ಇಷ್ಟು ದೂರ ಏಕೆ ಇದೆ ಎಂಬ ಪ್ರಶ್ನೆ ಅಲ್ಲಿ ನಿಂತಾಗ ತಾನಾಗಿ ಏಳುತ್ತದೆ, ಅದನ್ನು ಅದುಮಿಡಬೇಕಾಗಿಲ್ಲ. ಮ್ಯೂಸಿಯಮ್ಮುಗಳು ಕೊಠಡಿಗಳನ್ನು ನವೀಕರಣಕ್ಕೆಂದು ಮುಚ್ಚುವುದುಂಟು. ಆದ್ದರಿಂದ ಹೊರಡುವ ಮುನ್ನ ಅವರ ಜಾಲತಾಣದ ಸಂಗ್ರಹ ವಿಭಾಗದಲ್ಲಿ ಆ ವಸ್ತು ಪ್ರದರ್ಶನದಲ್ಲಿದೆಯೇ, ಯಾವ ಕೊಠಡಿಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಉಳಿದ ಹೊತ್ತಿನಲ್ಲಿ ಹೆಸರಾಂತ ಶಿಲ್ಪಗಳ ಅಚ್ಚುಪ್ರತಿಗಳಿರುವ ಅಂಗಳಗಳಿಗೆ (ಕಾಸ್ಟ್ ಕೋರ್ಟ್ಸ್) ಹೋಗಿ, ರೋಮ್‌ನ ಟ್ರಾಜನ್ ಸ್ತಂಭದ ಪ್ರತಿಯನ್ನು ಸೂರಿಗೆ ತಾಗದಂತೆ ಎರಡು ತುಂಡುಗಳಾಗಿ ನಿಲ್ಲಿಸಿರುವುದನ್ನು ನೋಡಿ. ಎರಡು ಗಂಟೆ ಸಾಕು, ಅದಕ್ಕಿಂತ ಹೆಚ್ಚಾದರೆ ಕಣ್ಣು ದಣಿಯುತ್ತದೆ.

ಬುತ್ತಿ ಕಟ್ಟಿಕೊಂಡು ಬಂದಿದ್ದರೆ ಹೈಡ್ ಪಾರ್ಕ್ ಅಲ್ಲಿಂದ ಹತ್ತು ಹದಿನೈದು ನಿಮಿಷದ ನಡಿಗೆ. ಇಲ್ಲದಿದ್ದರೆ ಸೂಪರ್‌ಮಾರ್ಕೆಟ್ಟುಗಳಲ್ಲಿ ತಿನಿಸು, ಪಾನೀಯಗಳನ್ನು ಒಟ್ಟಿಗೆ ಒಂದೇ ದರಕ್ಕೆ ಕೊಡುವ ಮೀಲ್ ಡೀಲ್ ಅಗ್ಗ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಚೀಸ್ ಇರುವ ತಿನಿಸುಗಳ ಚೀಟಿಯನ್ನು ಓದಬೇಕು, ಏಕೆಂದರೆ ಪಾರ್ಮೆಸಾನ್‌ನಂಥ ಕೆಲವು ಚೀಸುಗಳ ತಯಾರಿಕೆಯಲ್ಲಿ ಕರುವಿನ ಜಠರದಿಂದ ತೆಗೆದ ರೆನೆಟ್ ಬಳಕೆಯಾಗುತ್ತದೆ.

ಸೌತ್ ಕೆನ್ಸಿಂಗ್ಟನ್‌ನಿಂದ ಡಿಸ್ಟ್ರಿಕ್ಟ್ ಅಥವಾ ಸರ್ಕಲ್ ಮಾರ್ಗದ ರೈಲಿನಲ್ಲಿ ವೆಸ್ಟ್‌ಮಿನ್ಸ್ಟರ್‌ಗೆ ಬಂದು, ಸೇತುವೆ ದಾಟಿದೊಡನೆ ಬಲಕ್ಕೆ ತಿರುಗಿ ನದಿಯಂಚಿನಲ್ಲೇ ನಡೆಯಿರಿ. ಸೇಂಟ್ ಥಾಮಸ್ ಆಸ್ಪತ್ರೆಯ ಮುಂದಿನ ಉದ್ದನೆಯ ಗೋಡೆಯ ಮೇಲೆ ಕೋವಿಡ್‌ನಿಂದ ತೀರಿಕೊಂಡವರಿಗಾಗಿ 2021ರಿಂದ ಬರೆಯುತ್ತ ಬಂದ ಕೆಂಪು ಹೃದಯಗಳಿವೆ, ಹಲವುಗಳೊಳಗೆ ಹೆಸರುಗಳಿವೆ. ಇಲ್ಲಿ ನಿಧಾನವಾಗಿ ಸಾಗಿ. ಲ್ಯಾಂಬೆತ್ ಸೇತುವೆಯನ್ನು ದಾಟದೆ ಮುಂದೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ನದಿ ದಂಡೆಯ ರಸ್ತೆಯಲ್ಲಿ ನಮ್ಮ ಎರಡನೆಯ ಜಾಗವಾದ ಬಸವಣ್ಣನವರ ಪ್ರತಿಮೆ ಸಿಗುತ್ತದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ನೀರಜ್ ಪಾಟೀಲ್ ಅವರ ಪ್ರಯತ್ನದಿಂದ ನೆಲೆಗೊಂಡ ಈ ಪ್ರತಿಮೆಯನ್ನು ಪ್ರಧಾನಿ ನರೇಂದ್ರ ಮೋದಿ ಅವರು 2015ರ ನವೆಂಬರ್ 14ರಂದು ಅನಾವರಣ ಮಾಡಿದರು. ಅಲ್ಲಿ ನದಿಗೆ ಮುಖ ಮಾಡಿ ನಿಂತು ಬಲಕ್ಕೆ ನೋಡಿದರೆ ಬ್ರಿಟನ್ನಿನ ಸಂಸತ್ತು ಕಾಣುತ್ತದೆ. ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಕುಲ ಕಸುಬುಗಳ ಭೇದವಿಲ್ಲದೆ ನಡೆದ ಮಾತುಕತೆಯನ್ನು ನೆನೆಯಲು ಇದಕ್ಕಿಂತ ಒಪ್ಪುವ ಜಾಗ ಈ ನಗರದಲ್ಲಿ ನನಗೆ ಕಂಡಿಲ್ಲ. ಪ್ರವಾಸಿಗರ ಗುಂಪುಗಳು ಇಲ್ಲಿ ಹೆಚ್ಚಿರುವುದಿಲ್ಲ, ಬೆಂಚಿನ ಮೇಲೆ ಕೂತು ಮನೆಗೆ ಫೋನು ಮಾಡಲು ಹೇಳಿ ಮಾಡಿಸಿದ ತಾಣ.

ಬಂದ ದಾರಿಯಲ್ಲೇ ಹಿಂದಿರುಗಿ ವೆಸ್ಟ್‌ಮಿನ್ಸ್ಟರ್ ಸೇತುವೆಯ ಕೆಳಗೆ ಸಾಗಿದರೆ ಲಂಡನ್ ಐ ಎಂಬ ದೈತ್ಯ ತಿರುಗು ಚಕ್ರ, ವಾಟರ್‌ಲೂ ಸೇತುವೆಯಡಿಯ ಹಳೆಯ ಪುಸ್ತಕಗಳ ಸಂತೆ, ಆಮೇಲೆ ಟೇಟ್ ಮಾಡರ್ನ್. ಪ್ರತಿಮೆಯಿಂದ ಇಲ್ಲಿಗೆ ಸುಮಾರು ಮೂರು ಕಿಲೋಮೀಟರ್. ವಿದ್ಯುತ್ ಸ್ಥಾವರವಾಗಿದ್ದ ಈ ಕಟ್ಟಡ 2000ದಲ್ಲಿ ಕಲಾ ಮ್ಯೂಸಿಯಂ ಆಯಿತು, ಇದರ ಸಂಗ್ರಹಕ್ಕೂ ಪ್ರವೇಶ ಉಚಿತ. ಕಾಲು ಸೋತಿದ್ದರೆ ಟರ್ಬೈನ್ ಹಾಲ್ ಒಂದನ್ನೇ ನೋಡಿದರೂ ನಷ್ಟವಿಲ್ಲ. ಎದುರಿನ ಮಿಲೇನಿಯಂ ಕಾಲುಸೇತುವೆ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಕಡೆಗೆ ಒಯ್ಯುತ್ತದೆ; ಹಗಲಿನ ಭೇಟಿಗೆ ಅಲ್ಲಿ ಟಿಕೆಟ್ ಇದ್ದರೂ ಸಂಜೆಯ ಗಾಯನ ಪ್ರಾರ್ಥನೆಗೆ ಯಾರು ಬೇಕಾದರೂ ಹಣ ಕೊಡದೆ ಹೋಗಿ ಕೂರಬಹುದು.

ಫೋನಿನ ಬಗ್ಗೆ ಎಚ್ಚರವಿರಲಿ. ಸೈಕಲ್ಲುಗಳಲ್ಲಿ ಬಂದು ಕೈಯಿಂದ ಫೋನು ಕಸಿಯುವುದು ಈ ನಗರದಲ್ಲಿ ಸಾಮಾನ್ಯವಾಗಿದೆ, ಆದ್ದರಿಂದ ದಾರಿ ನೋಡಬೇಕಾದಾಗ ರಸ್ತೆಯಂಚನ್ನು ಬಿಟ್ಟು ಗೋಡೆಯ ಕಡೆಗೆ ಸರಿದು ನಿಲ್ಲಿ. ಬೇರೆ ಊರಿಗೆ ಮರಳುವವರು ಮುಂಗಡ ಟಿಕೆಟ್ ತೆಗೆದಿದ್ದರೆ ಅದು ಆ ಒಂದು ರೈಲಿಗೆ ಮಾತ್ರ ಸಲ್ಲುತ್ತದೆ; ನಿಲ್ದಾಣಕ್ಕೆ ಅರ್ಧ ಗಂಟೆ ಮೊದಲೇ ತಲುಪುವಂತೆ ಲೆಕ್ಕ ಹಾಕಿ. ಲಂಡನ್ನಿನಲ್ಲೇ ಇರುವವರಿಗೆ ಶುಕ್ರವಾರ ಮತ್ತು ಶನಿವಾರ ರಾತ್ರಿ ವಿಕ್ಟೋರಿಯಾ, ಜುಬಿಲಿ, ಸೆಂಟ್ರಲ್, ನಾರ್ದರ್ನ್, ಪಿಕಡಿಲಿ ಮಾರ್ಗಗಳ ಹಲವು ಭಾಗಗಳಲ್ಲಿ ಇಡೀ ರಾತ್ರಿ ರೈಲುಗಳಿರುತ್ತವೆ. ಮನೆ ಸೇರಿದ ಮೇಲೆ ನಿಮ್ಮ ಕಾರ್ಡಿನ ಆನ್‌ಲೈನ್ ಪ್ರಯಾಣ ಖಾತೆಯನ್ನು ಒಮ್ಮೆ ತೆರೆದು ನೋಡಿ, ಎಲ್ಲಾದರೂ ಅಪೂರ್ಣ ಪ್ರಯಾಣವೆಂದು ದಾಖಲಾಗಿದ್ದರೆ ಅಲ್ಲಿಂದಲೇ ಮರುಪಾವತಿಗೆ ಅರ್ಜಿ ಹಾಕಬಹುದು.